ಗೊಂಬೆ ಮಲಗಿದ ಮಧ್ಯಾಹ್ನ

2025ರ ದಸರೆ ನಮ್ಮ ಮನೆಯಲ್ಲಿ ನಾಲ್ಕನೆಯ ದಿನ ಮಧ್ಯಾಹ್ನ ಎರಡೂವರೆಗೇ ಮುಗಿದುಹೋಯಿತು. ಪಂಚಾಂಗದಲ್ಲಿ ಹಾಗೇನೂ ಬರೆದಿರಲಿಲ್ಲ. ಆ ವರ್ಷ ತಿಥಿಯೊಂದು ಎರಡು ದಿನಕ್ಕೆ ಕಾಲು ಚಾಚಿ ಮಲಗಿದ್ದರಿಂದ, ಸೆಪ್ಟೆಂಬರ್ 22ಕ್ಕೆ ಶುರುವಾದ ಹಬ್ಬ ಅಕ್ಟೋಬರ್ 2ರ ತನಕ 11 ದಿನ ಎಳೆದಿತ್ತು. ಸಾಲದ್ದಕ್ಕೆ ವಿಜಯದಶಮಿ ಹೋಗಿ ಗಾಂಧಿ ಜಯಂತಿಯ ಮೇಲೇ ಕೂತು, ಎರಡು ರಜೆ ಸೇರಿ ಒಂದಾಗಿ, ಆಫೀಸಿಗೆ ಹೋಗುವವರೆಲ್ಲ ಕ್ಯಾಲೆಂಡರಿನ ಮುಂದೆ ನಿಂತು ಹೊಟ್ಟೆ ಉರಿದುಕೊಂಡಿದ್ದರು. ಅಷ್ಟುದ್ದದ ಹಬ್ಬವನ್ನು ನಾಲ್ಕೇ ದಿನಕ್ಕೆ ಸುತ್ತಿಟ್ಟವಳು ನಮ್ಮ ಮಗಳು ಪುಟ್ಟಿ. ವಯಸ್ಸು ಮೂರೂವರೆ.

ಹೇಗೆ ಸುತ್ತಿಟ್ಟಳು ಎಂಬಲ್ಲಿಗೆ ಬರುತ್ತೇನೆ. ಮೊದಲು ಮೈಸೂರಿಗೆ ಹೋಗಬೇಕು. ಇಬ್ಬರು ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಬೆಂಗಳೂರಿನಿಂದ ಹೊರಟವರಿಗೆ ಗೊತ್ತು, ಅದು ಬಾಯಲ್ಲಿ ಹೇಳಿದಷ್ಟು ಬೇಗ ಆಗುವ ಕೆಲಸವಲ್ಲ.

2023ರಲ್ಲಿ ಹೊಸ ಹೆದ್ದಾರಿ ಆದಮೇಲೆ ಮೈಸೂರು ದೊಡ್ಡವರಿಗೆ ಹತ್ತಿರವಾಗಿದೆ, ಮಕ್ಕಳಿಗೆ ದೂರವಾಗಿದೆ. ಹಳೇ ರಸ್ತೆಯಲ್ಲಿ ಮಕ್ಕಳ ಬಾಯಿ ಮುಚ್ಚಿಸುವ ಏರ್ಪಾಡು ತಾನಾಗಿಯೇ ಇತ್ತು. ರಾಮನಗರದ ಬಂಡೆಗಳು, ಚನ್ನಪಟ್ಟಣದ ಅಂಗಡಿಗಳ ಮುಂದೆ ಸಾಲಾಗಿ ನಿಂತ ಮರದ ಕುದುರೆ, ಮದ್ದೂರಿನಲ್ಲಿ ವಡೆ, ಮಂಡ್ಯದ ಹತ್ತಿರ ಕಬ್ಬಿನ ಗಾಡಿ, ಶ್ರೀರಂಗಪಟ್ಟಣದಲ್ಲಿ ಹೊಳೆ. ಹೊಸ ರಸ್ತೆ ಈ ಊರುಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಹೋಗುತ್ತದೆ. ಕಿಟಕಿಯಾಚೆ ಬೇಲಿ, ಬೇಲಿಯಾಚೆ ಬೇಲಿ. ಹಾಗಾಗಿ ಬಿಡದಿ ದಾಟುವ ಮುಂಚೆಯೇ ಪುಟ್ಟಿ "ಬಂತಾ?" ಎಂದು ಕೇಳಲು ಶುರುಮಾಡಿದಳು. ಹದಿನೇಳನೆಯ "ಬಂತಾ?"ಕ್ಕೆ ನಾನು ಸೋತು, ಹೆದ್ದಾರಿ ಬಿಟ್ಟು ಚನ್ನಪಟ್ಟಣದೊಳಕ್ಕೆ ಇಳಿದೆ.

ಅಲ್ಲೊಂದು ಅಂಗಡಿಯ ಹಿಂದೆ ಗೊಂಬೆ ಕಡೆಯುವ ಕೋಣೆ. ಬೆಳ್ಳಗಿನ ಆಲೆಮರದ ತುಂಡೊಂದು ಗರಗರ ತಿರುಗುತ್ತಿತ್ತು. ಕೆಲಸದವರು ಅದಕ್ಕೆ ಬಣ್ಣದ ಅರಗಿನ ಕಡ್ಡಿಯೊಂದನ್ನು ಒತ್ತಿ ಹಿಡಿದರು. ತಿಕ್ಕಾಟದ ಬಿಸಿಗೆ ಅರಗು ಕರಗಿ, ನೋಡುನೋಡುತ್ತ ಮರ ಕೆಂಪಾಯಿತು. ಆಮೇಲೆ ಒಣ ಗರಿಯೊಂದನ್ನು ಅದುಮಿ ಹಿಡಿದರೆ ಹೊಳಪು. ಬಿಸಿಗೆ ಕರಗುವುದು, ಹರಡುವುದು ಎಂದೆಲ್ಲ ನಾನು ಏಳು ವರ್ಷದ ಮಗನಿಗೆ ವಿಜ್ಞಾನ ಹೇಳುತ್ತಿದ್ದೆ. ಪುಟ್ಟಿ ಮಧ್ಯೆ ಬಾಯಿ ಹಾಕಿ, "ಮರ ಕ್ರಯಾನ್ ತಿಂತಾ ಇದೆ" ಎಂದಳು. ನನ್ನ ವಿವರಣೆಗಿಂತ ಇದು ಸರಿ ಎಂಬಂತೆ ಕೆಲಸದವರು ತಲೆಯಾಡಿಸಿದರು. ಅವಳಿಗೊಂದು ಬುಗುರಿ, ಆಟದ ಅಡುಗೆ ಪಾತ್ರೆಯ ಒಂದು ಸೆಟ್ಟು ಕೊಂಡು ಮತ್ತೆ ರಸ್ತೆಗೆ ಬಿದ್ದೆವು. ಮಗ ಏನನ್ನೂ ಕೇಳಲಿಲ್ಲ. ಅವನ ಚೀಲದಲ್ಲಿ ಎರಡು ಡೈನೋಸಾರ್ ಇದ್ದವು. ಅದು ನನಗೆ ಆಗ ಗೊತ್ತಿರಲಿಲ್ಲ.

ಮೈಸೂರಿನಲ್ಲಿ ಅಮ್ಮ ಅಟ್ಟದಿಂದ ಟ್ರಂಕು ಇಳಿಸಿಕೊಂಡು ಕಾಯುತ್ತಿದ್ದಳು. ಗೊಂಬೆ ಬಿಚ್ಚುವುದು ಎಂದೂ ಒಂದು ಗಂಟೆಯಲ್ಲಿ ಮುಗಿಯುವುದಿಲ್ಲ, ಯಾಕೆಂದರೆ ಒಂದೊಂದನ್ನೂ ಹಳೇ ಪತ್ರಿಕೆಯಲ್ಲಿ ಸುತ್ತಿರುತ್ತದೆ. ಕೃಷ್ಣನನ್ನು ಬಿಡಿಸಿದವರು ಕೃಷ್ಣನನ್ನು ನೆಲಕ್ಕಿಟ್ಟು ಪತ್ರಿಕೆ ಓದಲು ಕೂರುತ್ತಾರೆ. ಯಾವುದೋ ವರ್ಷದ ಚಿನ್ನದ ರೇಟು, ಯಾವುದೋ ಟೆಂಟಿನ ಸಿನಿಮಾ, ವಧು ಬೇಕಾಗಿದ್ದಾಳೆ. "ಪಾಪ, ಈ ಹುಡುಗನಿಗೆ ಹೆಣ್ಣು ಸಿಕ್ಕಿತೋ ಇಲ್ಲವೋ" ಎಂದು ಅಮ್ಮ ಪ್ರತಿ ವರ್ಷ ಅದೇ ಚೂರಿನ ಅದೇ ಹುಡುಗನಿಗಾಗಿ ಮರುಗುತ್ತಾಳೆ. ಹಬ್ಬ ಮುಗಿದ ಮೇಲೆ ಮತ್ತೆ ಅದೇ ಚೂರಿನಲ್ಲಿ ದಶಾವತಾರದ ವಾಮನನನ್ನು ಸುತ್ತುತ್ತಾಳೆ. ಆ ಹುಡುಗನಿಗೆ ಈಗ ಮೊಮ್ಮಕ್ಕಳಿರಬೇಕು.

ಅಪ್ಪನದು ಮೆಟ್ಟಿಲಿನ ಇಲಾಖೆ. ಬೆಂಚು, ಖಾಲಿ ಟ್ರಂಕು, ಹಲಗೆ, ಸಣ್ಣ ಸ್ಟೂಲು ಜೋಡಿಸಿ ಐದು ಮೆಟ್ಟಿಲು ಮಾಡಿ ಮೇಲೆ ಬಿಳೀ ಪಂಚೆ ಹಾಸುತ್ತಾರೆ. ಮೆಟ್ಟಿಲು ಬೆಸ ಸಂಖ್ಯೆಯಲ್ಲೇ ಇರಬೇಕು. ಎಲ್ಲಕ್ಕೂ ಮೇಲೆ ಪಟ್ಟದ ಗೊಂಬೆ, ಅಂದರೆ ಮರದ ರಾಜ ಮತ್ತು ರಾಣಿ. ಮದುವೆಯಲ್ಲಿ ತವರಿನವರು ಮಗಳ ಕೈಗಿಟ್ಟು ಕಳಿಸುವ ಜೋಡಿ ಅದು. ಅಮ್ಮನಿಗೂ ಹಾಗೆಯೇ ಬಂದದ್ದು. ಪ್ರತಿ ವರ್ಷ ಅವರಿಗೆ ಹೊಸ ಬಟ್ಟೆ, ಜರಿ, ಟಿಕ್ಕಿ. ಈ ಸಲ ಟಿಕ್ಕಿ ಅಂಟಿಸುವ ಕೆಲಸವನ್ನು ಮಕ್ಕಳಿಗೆ ವಹಿಸಿದ್ದರಿಂದ ರಾತ್ರಿ ಸಾರಿನಲ್ಲೂ ಎರಡು ಹೊಳೆಯುತ್ತಿದ್ದವು.

"ಅಜ್ಜಿ, ಈ ರಾಜನ ಹೆಸರೇನು?" ಎಂದು ಮಗ ಕೇಳಿದ. ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಅಮ್ಮ ನನ್ನ ಮುಖ ನೋಡಿದಳು. ಪತ್ರಿಕೆಯ ಹಿಂದಿನಿಂದ ಅಪ್ಪನೇ ಹೇಳಿದರು: "ರಾಜ ಒಡೆಯರು ಅಂತಿಟ್ಕೋ. 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಶುರುಮಾಡಿದ್ದು ಅವರೇ." ಮಗ ಬೆರಳು ಮಡಚಿ ಲೆಕ್ಕ ಹಾಕಿದ. "ಅಂದ್ರೆ 415 ವರ್ಷ. ಅದಕ್ಕೇ ಮೂಗು ಸವೆದಿದೆ."

ಅವರ ಕೆಳಗೆ ದಶಾವತಾರ, ರಾಮನ ಪಟ್ಟಾಭಿಷೇಕ, ಮಣ್ಣಿನ ಬ್ಯಾಂಡ್ ಸೆಟ್ಟು, ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ ಬೇಳೆ ಇಟ್ಟುಕೊಂಡು ಕೂತ ದಪ್ಪ ಹೊಟ್ಟೆಯ ಶೆಟ್ಟಿ-ಶೆಟ್ಟಿತಿ. ನೆಲದ ಮೇಲೆ ಪಾರ್ಕು. ತಟ್ಟೆಯ ಮಣ್ಣಿಗೆ ಅಮ್ಮ ವಾರದ ಮುಂಚೆಯೇ ರಾಗಿ ಚೆಲ್ಲಿರುತ್ತಾಳೆ, ಅಷ್ಟು ಹೊತ್ತಿಗೆ ಬೆರಳುದ್ದ ಪೈರು ಬಂದಿರುತ್ತದೆ. ಈ ಪಾರ್ಕಿನಲ್ಲಿ ಬೆಳಗ್ಗೆ ಎದ್ದು ನೋಡುವಾಗ ಎರಡು ಡೈನೋಸಾರ್ ನಿಂತಿದ್ದವು.

ಅಮ್ಮ ಸಿಟ್ಟಾಗಲಿಲ್ಲ. ವಿಚಾರಣೆಗೆ ಕೂತಳು.

"ಇವು ಏನು ತಿನ್ನುತ್ವೋ?"

"ಉದ್ದ ಕತ್ತಿಂದು ಸೊಪ್ಪು. ಇನ್ನೊಂದು ಟಿ-ರೆಕ್ಸ್, ಮಾಂಸ."

"ಸೊಪ್ಪು ತಿನ್ನೋದು ಇರಲಿ. ಮಾಂಸ ತಿನ್ನೋದು ಹಬ್ಬದಲ್ಲಿ ಬೇಡ ಕಣೋ."

ಮಗ ಸ್ವಲ್ಪ ಹೊತ್ತು ಮೆಟ್ಟಿಲುಗಳನ್ನೇ ದಿಟ್ಟಿಸಿದ. "ಚಾಮುಂಡಿದು ಸಿಂಹ ಏನು ತಿನ್ನುತ್ತೆ?"

ಈ ಪಾಟೀಸವಾಲನ್ನು ಅಮ್ಮ ಎಣಿಸಿರಲಿಲ್ಲ. ಆದರೂ ಸೋಲಲಿಲ್ಲ. "ನವರಾತ್ರಿಲಿ ಅದು ಉಪವಾಸ."

"ಹಾಗಾದ್ರೆ ಟಿ-ರೆಕ್ಸೂ ಉಪವಾಸ ಮಾಡುತ್ತೆ."

ವ್ರತ ಹಿಡಿದ ಪ್ರಾಣಿಗೆ ಬೇಡ ಎನ್ನುವುದು ಹೇಗೆ? ಹಬ್ಬ ಮುಗಿಯುವ ತನಕ ಅದು ರಾಗಿ ಪೈರಿನ ನಡುವೆ ಬಾಯಿ ತೆರೆದುಕೊಂಡು ಹಸಿದೇ ನಿಂತಿತ್ತು. ಸಾಯಂಕಾಲ ಕುಂಕುಮಕ್ಕೆ ಬಂದ ಹೆಂಗಸರಿಗೆ ಅಮ್ಮ ಅದರ ಉಪವಾಸದ ವಿಷಯವನ್ನು ಗಂಭೀರವಾಗಿಯೇ ತಿಳಿಸುತ್ತಿದ್ದಳು.

ಆಗ ನನಗೆ ಅರ್ಥವಾಗತೊಡಗಿತು. ಈ ಮನೆಯಲ್ಲಿ ಶಾಸ್ತ್ರವನ್ನು ಅಕ್ಷರ ಅಕ್ಷರ ನಂಬುವ ಪಕ್ಷವೊಂದಿದೆ. ಅದರಲ್ಲಿ ಅಜ್ಜಿಯೂ ಮೊಮ್ಮಕ್ಕಳೂ ಇದ್ದಾರೆ. ನಾನು, ನನ್ನ ಹೆಂಡತಿ ನಡುವಿನವರು. ನಮ್ಮದು "ಪರವಾಗಿಲ್ಲ ಬಿಡಿ, ಏನಾಗುತ್ತೆ" ಪಕ್ಷ. ನಮಗೆ ಬಹುಮತ ಎಂದೂ ಸಿಗುವುದಿಲ್ಲ.

ಚರ್ಪಿನ, ಅಂದರೆ ಗೊಂಬೆ ನೋಡಲು ಬಂದ ಮಕ್ಕಳಿಗೆ ಕೊಡುವ ತಿಂಡಿಯ, ವಿಷಯದಲ್ಲೂ ಹೀಗೇ ಆಯಿತು. ನಾವು ಚಿಕ್ಕವರಾಗಿದ್ದಾಗ ಸಂಜೆ ದೀಪ ಹಚ್ಚುವ ಹೊತ್ತಿಗೆ ಬೀದಿಯ ಹುಡುಗರೆಲ್ಲ ಕೈಯಲ್ಲೊಂದು ಕವರು ಹಿಡಿದು ಹೊರಡುತ್ತಿದ್ದೆವು. ಗೇಟಿನ ಮುಂದೆ ನಿಂತು "ರೀ, ಗೊಂಬೆ ಕೂರಿಸಿದೀರಾ?" ಎಂದು ಕೂಗಿದರೆ ಮುಗಿಯಿತು. ಒಳಗೆ ಹೋಗಿ, ಗೊಂಬೆಗಳನ್ನು ನೋಡಿದ ಶಾಸ್ತ್ರ ಮಾಡಿ, ಚರ್ಪು ಇಸಿದುಕೊಂಡು ಮುಂದಿನ ಮನೆ. ಯಾರ ಮನೆಯಲ್ಲಿ ಕೊಬ್ಬರಿ ಮಿಠಾಯಿ, ಯಾರ ಮನೆಯಲ್ಲಿ ಕಡಲೆ ಉಸಲಿ, ಯಾರು ಹುರಿಗಡಲೆ ಸಕ್ಕರೆ ಪುಡಿಯನ್ನು ಚಮಚದಲ್ಲಿ ಅಳೆದು ಕೊಡುವ ಜಿಪುಣರು, ಎಲ್ಲ ಬಾಯಿಪಾಠ. ಆ ಪುಡಿಯನ್ನು ಬಾಯಿಗೆ ಹಾಕಿಕೊಂಡು "ಪುಟ್ಟಪ್ಪ" ಎಂದು ಹೇಳುವ ಪಂದ್ಯ ಬೇರೆ. ಹೇಳಿದವನ ಎದುರಿಗಿದ್ದವನ ಮುಖವೆಲ್ಲ ಪ್ರಸಾದ. ಮೂಲೆ ಮನೆಯ ನಿವೃತ್ತ ಮೇಷ್ಟ್ರು ಮಾತ್ರ ಹಾಡು ಹೇಳಿಸದೆ ಏನೂ ಕೊಡುತ್ತಿರಲಿಲ್ಲ. ಅವರ ಮನೆಯ ರವೆ ಉಂಡೆಗಾಗಿ ನಾನು ಮೂರು ವರ್ಷ ಒಂದೇ ಹಾಡಿನ ಒಂದೇ ಚರಣ ಹೇಳಿದ್ದೇನೆ.

ಇದನ್ನೆಲ್ಲ ವರ್ಣಿಸಿ ಮಗನ ಕೈಗೆ ಬಟ್ಟೆಯ ಚೀಲ ಕೊಟ್ಟೆ. ಅವನು ಕದಲಲಿಲ್ಲ. "ಗೊತ್ತಿಲ್ಲದವರ ಮನೆಗೆ ಹೋಗ್ಬಾರ್ದು, ಅವ್ರು ಏನು ಕೊಟ್ರೂ ತಿನ್ಬಾರ್ದು ಅಂತ ನೀನೇ ಹೇಳಿದ್ಯಲ್ಲಪ್ಪ?" ಹೇಳಿದ್ದೆ. ಒಂದಲ್ಲ, ನೂರು ಸಲ ಹೇಳಿದ್ದೆ. ಇವತ್ತೊಂದು ದಿನ ಪರವಾಗಿಲ್ಲ ಎಂದರೆ ನಾಳೆ ಇನ್ನೊಂದು ದಿನ ಯಾವುದು ಎಂದು ಕೇಳುತ್ತಾನೆ. ನಾನು ತಡವರಿಸುವಾಗ ಅಡುಗೆಮನೆಯಿಂದ ಅಮ್ಮ ಹೇಳಿದಳು: "ಅವರ್ಯಾಕೆ ಗೊತ್ತಿಲ್ಲದವರು? ನಿಮ್ಮಪ್ಪನಿಗೆ ಚರ್ಪು ಕೊಟ್ಟವರು ಕಣೋ ಅವರೆಲ್ಲ." ಅಷ್ಟು ಸಾಕಾಯಿತು. ಅಣ್ಣ ತಂಗಿ ಕೈ ಹಿಡಿದುಕೊಂಡು ಹೊರಟರು. ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ, ಏನೂ ಸಂಬಂಧವಿಲ್ಲದವನಂತೆ, ನಾನು.

ಬೀದಿಯಲ್ಲಿ ಗೊಂಬೆ ಕೂರಿಸಿದ ಮನೆ ಐದೇ ಉಳಿದಿದ್ದವು. ನಾಲ್ಕರಲ್ಲಿ ಹತ್ತು ರೂಪಾಯಿಯ ಚಿಪ್ಸ್ ಪೊಟ್ಟಣ. ಕೊಟ್ಟವರನ್ನು ದೂರಲಾರೆ, ಎಪ್ಪತ್ತೈದು ದಾಟಿದ ಒಂಟಿ ಹೆಂಗಸರು ಯಾರಿಗೆಂದು ಉಸಲಿ ಬೇಯಿಸಿಟ್ಟುಕೊಂಡು ಕಾಯಬೇಕು? ಐದನೆಯ ಮನೆಯಲ್ಲಿ ಮಾತ್ರ ನಿಜವಾದ ಕೊಬ್ಬರಿ ಮಿಠಾಯಿ ಸಿಕ್ಕಿತು. ಪುಟ್ಟಿ ಅದನ್ನು ದಾರಿಯಲ್ಲೇ ಮುಗಿಸಿ, ಹಿಂತಿರುಗಿ ಹೋಗಿ, ಅದೇ ಗೇಟಿನ ಮುಂದೆ ನಿಂತು ಇನ್ನೊಮ್ಮೆ ಕೂಗಿದಳು: "ರೀ, ಗೊಂಬೆ ಕೂರಿಸಿದೀರಾ?"

ಮೂರನೆಯ ದಿನ ಬೆಳಗ್ಗೆ ಆನೆಗಳ ತಾಲೀಮು ತೋರಿಸಲು ಕರೆದುಕೊಂಡು ಹೋದೆ. ಜಂಬೂಸವಾರಿಯ ನೂಕುನುಗ್ಗಲಿನಲ್ಲಿ ಈ ವಯಸ್ಸಿನ ಮಕ್ಕಳಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ತಾಲೀಮಿನಲ್ಲಿ ಆನೆ ಕಾಣುತ್ತದೆ. ಅರಮನೆಯಿಂದ ಬನ್ನಿಮಂಟಪದ ಕಡೆಗೆ ಸಾಲಾಗಿ ಹೊರಟವು. ಅಂಬಾರಿಯ ಭಾರ 750 ಕಿಲೋ ಎಂದು ನಾನು ಮಗನಿಗೆ ಹೇಳಿದೆ, 2020ರಿಂದ ಅದನ್ನು ಹೊರುತ್ತಿರುವವನು ಅಭಿಮನ್ಯು ಎಂದೂ ಹೇಳಿದೆ. ಅವನು ತನ್ನ ಶಾಲೆಯ ಚೀಲ ಎಷ್ಟು ಕಿಲೋ ಎಂದು ವಿಚಾರಿಸಿದ. ಪುಟ್ಟಿ ಆನೆಯ ಮುಂಭಾಗವನ್ನು ನೋಡಲೇ ಇಲ್ಲ. ಆನೆಗಳು ಹೋದಮೇಲೆ ರಸ್ತೆಯಲ್ಲಿ ಆವಿಯಾಡುತ್ತಿದ್ದ ಲದ್ದಿಯನ್ನು ನೋಡಿದಳು. ಆನೆ ಲದ್ದಿ ತುಳಿದರೆ ಕಾಲಿಗೆ ಒಳ್ಳೆಯದು ಎಂದು ಮೈಸೂರಿನವರು ನಂಬುತ್ತಾರೆ, ನಾವೂ ಚಿಕ್ಕಂದಿನಲ್ಲಿ ಓಡಿಹೋಗಿ ತುಳಿದವರೇ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಈ ಮಾತನ್ನು ಹೇಳಿ ಮುಗಿಸುವಷ್ಟರಲ್ಲಿ, ಹೆಜ್ಜೆ ಇಟ್ಟರೆ ದೀಪ ಮಿನುಗುವ ಹೊಸ ಶೂ ಸಮೇತ ಪುಟ್ಟಿ ಅದರೊಳಗಿದ್ದಳು. ದೀಪ ಒಳಗೇ ಮಿನುಗುತ್ತಿತ್ತು. "ಬರಿಗಾಲಲ್ಲಿ ತುಳೀಬೇಕಮ್ಮ" ಎಂದು ಆ ಅಜ್ಜಿ ತಿದ್ದಿದರು. ಪುಟ್ಟಿ ಶೂ ಬಿಚ್ಚಿದಳು. ನಾನು ಯಾವ ಪಕ್ಷ ಎಂಬುದನ್ನು ಆಗಲೇ ಹೇಳಿದ್ದೇನೆ.

ಅರಮನೆಯ ದೀಪಾಲಂಕಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಯಾಕೆಂದರೆ ನಾವು ಅದನ್ನು ನೋಡಿದ್ದು ಹತ್ತು ನಿಮಿಷ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಒಮ್ಮೆಗೇ ಹತ್ತಿಕೊಂಡಾಗ ಜನವೆಲ್ಲ "ಹೋ" ಎಂದರೆ, ಮಗ "ಇದಕ್ಕೆ ಬೆಂಕಿ ಹತ್ಕೊಳಲ್ವಾ?" ಎಂದ. ಮುಂಚಿನ ಮರದ ಅರಮನೆ 1897ರಲ್ಲಿ ಮದುವೆಯ ಸಂಭ್ರಮದ ನಡುವೆ ಸುಟ್ಟುಹೋಯಿತು, ಇದನ್ನು ಕಟ್ಟಿ ಮುಗಿಸಿದ್ದು 1912ರಲ್ಲಿ ಎಂದು ಅಪ್ಪ ಹೇಳಬಾರದಿತ್ತು. ಅಲ್ಲಿಂದಾಚೆಗೆ ಅವನು ಹುಡುಕಿದ್ದು ಫೈರ್ ಎಂಜಿನ್ ಎಲ್ಲಿದೆ ಎಂದು.

ಇನ್ನು ನಾಲ್ಕನೆಯ ದಿನ. ಗುರುವಾರ. ಹೆಂಡತಿ ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಮೀಟಿಂಗಿನಲ್ಲಿದ್ದಳು. ಪುಟ್ಟಿಯನ್ನು ಮಲಗಿಸುವ ಹೊಣೆ ನನ್ನದು. ನಡುಮನೆಯಲ್ಲಿ ಚಾಪೆ ಹಾಸಿ, ತಟ್ಟಿ, ಕತೆ ಹೇಳಿ, ಮತ್ತೆ ತಟ್ಟಿ, ಕೊನೆಗೆ ಗಾಢವಾದ ನಿದ್ದೆ ಬಂತು. ನನಗೆ.

ಎಚ್ಚರವಾದಾಗ ಪಕ್ಕದಲ್ಲಿ ಪುಟ್ಟಿ ಇಲ್ಲ. ತಲೆ ಎತ್ತಿ ನೋಡಿದರೆ ಐದು ಮೆಟ್ಟಿಲಿನಲ್ಲಿ ಕೆಳಗಿನ ಮೂರು ಖಾಲಿ. ನೆಲದ ಮೇಲೆ ಸಾಲಾಗಿ ಹತ್ತು ಅವತಾರಗಳು ಅಂಗಾತ ಮಲಗಿದ್ದವು. ಬ್ಯಾಂಡಿನವರು ವಾದ್ಯ ಸಮೇತ ಮಲಗಿದ್ದರು. ಶೆಟ್ಟಿ-ಶೆಟ್ಟಿತಿಯರ ಆಕಾರಕ್ಕೆ ಮಲಗುವುದು ಆಗದೆ ಗೋಡೆಗೆ ಒರಗಿಸಿತ್ತು. ಮುತ್ತೈದೆಯರಿಗೆ ಕೊಡಲೆಂದು ಅಮ್ಮ ತಂದಿಟ್ಟಿದ್ದ ರವಿಕೆ ಕಣಗಳೆಲ್ಲ ಹೊದಿಕೆಯಾಗಿದ್ದವು. ನಡುವೆ, ಕೆಂಪು ಕಣ ಹೊದ್ದು, ಎರಡು ರಬ್ಬರುಗಳನ್ನು ದಿಂಬು ಮಾಡಿಕೊಂಡು, ಪಟ್ಟದ ರಾಜ ಮತ್ತು ರಾಣಿ. ಸ್ಟೂಲು ಎಳೆದುಕೊಂಡು ಹತ್ತಿ ಇಳಿಸಿದ್ದಳು. ಪುಟ್ಟಿ ಅವರ ತಲೆಯ ಬಳಿ ಕೂತು, ತುಟಿಯ ಮೇಲೆ ಬೆರಳಿಟ್ಟು "ಶ್‌... ಮಲ್ಗಿದಾರೆ" ಎಂದಳು.

ಮೈಸೂರಿನ ಕಡೆಯವರಲ್ಲದವರಿಗೆ ಇದರಲ್ಲೇನಿದೆ ಎನ್ನಿಸಬಹುದು. ನಮ್ಮ ಮನೆಯ ಪದ್ಧತಿಯಲ್ಲಿ ಪಟ್ಟದ ಗೊಂಬೆಯನ್ನು ಮಲಗಿಸುವುದು ವಿಜಯದಶಮಿಯ ರಾತ್ರಿ, ಆರತಿ ಎತ್ತಿದ ಮೇಲೆ. ಮಲಗಿಸಿದರೆ ಹಬ್ಬ ಮುಗಿಯಿತು ಎಂದು ಅರ್ಥ. ಆಮೇಲೆ ಟ್ರಂಕು, ನುಸಿಗುಳಿಗೆ, ಅಟ್ಟ.

ಅಮ್ಮ ಬಂದು ನೋಡಿದಳು. ಸೆರಗು ಬಾಯಿಗೆ ಹೋಯಿತು. ಮೀಟಿಂಗು ಮುಗಿಸಿ ಬಂದ ಹೆಂಡತಿ, "ಮಗು ಅತ್ತೆ, ಅವಳಿಗೇನು ಗೊತ್ತು? ಎತ್ತಿ ನಿಲ್ಲಿಸಿಬಿಟ್ಟರಾಯಿತು" ಎಂದಳು. "ಅದೆಲ್ಲ ಲೆಕ್ಕಕ್ಕಿಲ್ಲಮ್ಮ" ಎಂದು ನಾನೂ ದನಿಗೂಡಿಸಿ ರಾಜನಿಗೆ ಕೈ ಹಾಕಿದೆ.

"ಎಬ್ಬಿಸ್ಬಾರ್ದು!" ಪುಟ್ಟಿಯ ಕಣ್ಣಲ್ಲಿ ಆಗಲೇ ನೀರು. "ಅರ್ಧ ನಿದ್ದೆಲಿ ಎಬ್ಬಿಸಿದ್ರೆ ಸಂಜೆವರ್ಗೂ ರಗಳೆ ಮಾಡ್ತಾರೆ."

ಮನೆಗೆ ಬಂದವರಿಗೆಲ್ಲ ಅವಳ ಬಗ್ಗೆ ನಾವು ಹೇಳುವ ಮಾತು, ಒಂದಕ್ಷರ ಹೆಚ್ಚುಕಮ್ಮಿ ಇಲ್ಲ.

ಅಮ್ಮ ಮೊಮ್ಮಗಳನ್ನು ನೋಡಿದಳು, ಗೊಂಬೆಗಳನ್ನು ನೋಡಿದಳು, ನನ್ನ ಕೈಯನ್ನು ಸರಿಸಿದಳು. "ಇರಲಿ ಬಿಡು. ಪವಡಿಸೋದು ಬೇರೆ, ಅಡ್ಡಾಗೋದು ಬೇರೆ. ಊಟ ಆದ್ಮೇಲೆ ರಾಜ ರಾಣಿ ಸ್ವಲ್ಪ ಅಡ್ಡಾಗಿದಾರೆ, ಅಷ್ಟೇ." ಮುಗಿದುಹೋಗಿದ್ದ ದಸರೆ ಈ ಒಂದು ಮಾತಿನಿಂದ ಮತ್ತೆ ಶುರುವಾಯಿತು. ಎಷ್ಟು ಹೊತ್ತಿಗೆ ಏಳುತ್ತಾರೆ ಎಂದು ಅಮ್ಮ ಕೇಳಿದಳು. ನಾಲ್ಕಕ್ಕೆ ಎಂದು ಪುಟ್ಟಿ ಹೇಳಿದಳು. ಅವಳು ಏಳುವುದೂ ನಾಲ್ಕಕ್ಕೇ. ಮೂರೂವರೆಗೆ ಕುಂಕುಮಕ್ಕೆಂದು ಹಿಂದಿನ ಬೀದಿಯ ಇಬ್ಬರು ಬಂದರು. "ಗೊಂಬೆ ಮಲಗಿವೆ, ಸ್ವಲ್ಪ ಕೂತ್ಕೊಳಿ" ಎಂದು ಅಮ್ಮ ಪಿಸುದನಿಯಲ್ಲಿ ಹೇಳಿದಳು. ಅವರೂ ಪಿಸುದನಿಯಲ್ಲೇ "ಆಗಲಿ ಆಗಲಿ" ಎಂದು ಕೂತರು. ನಾಲ್ಕಕ್ಕೆ ಒಬ್ಬೊಬ್ಬರನ್ನೇ ಎಬ್ಬಿಸಿ, ಮುಖ ಒರೆಸಿ, ಚನ್ನಪಟ್ಟಣದ ಬೊಟ್ಟಿನಷ್ಟು ಲೋಟದಲ್ಲಿ ಹಾಲು ಕುಡಿಸಿ, ಮೆಟ್ಟಿಲು ಹತ್ತಿಸಲಾಯಿತು. ಕಲ್ಕಿಗೆ ಮಾತ್ರ ಎಚ್ಚರವೇ ಆಗಲಿಲ್ಲವಂತೆ. ಅವನು ಆರರ ತನಕ ಮಲಗಿದ್ದ.

ಉಳಿದ ದಿನಗಳು ಓಡಿದವು. ಮೂಲಾ ನಕ್ಷತ್ರದ ದಿನ ಸರಸ್ವತಿ ಕೂರಿಸುವಾಗ ಪುಸ್ತಕಗಳನ್ನು ಇಡುತ್ತಾರಲ್ಲ, ಆಮೇಲೆ ವಿಸರ್ಜನೆಯ ತನಕ ಮುಟ್ಟುವಂತಿಲ್ಲ. ಮಗ ಈ ಶಾಸ್ತ್ರವನ್ನು ಅಜ್ಜಿಯಿಂದ ಎರಡು ಸಲ ಕೇಳಿ ಖಚಿತಪಡಿಸಿಕೊಂಡು, ರಜೆಯಲ್ಲಿ ಮಾಡಲು ಶಾಲೆಯವರು ಕೊಟ್ಟಿದ್ದ ಚಾರ್ಟು, ಗಣಿತದ ಹಾಳೆ, ಬಣ್ಣದ ಪೆನ್ಸಿಲು, ಅಂಟು, ಎಲ್ಲವನ್ನೂ ತಂದು ಪೂಜೆಗಿಟ್ಟ. ಚಾರ್ಟಿನ ವಿಷಯ "ಮೈಸೂರು ದಸರಾ". ವಿಸರ್ಜನೆಯ ಹೊತ್ತಿಗೆ ದಸರಾ ಮುಗಿದಿತ್ತು. ಶಿಕ್ಷಕರು ಸಮೀಕ್ಷೆಗೆ ಹೋಗಿದ್ದರಿಂದ ಸರ್ಕಾರಿ ಶಾಲೆಗಳ ರಜೆ ಅಕ್ಟೋಬರ್ 18ರ ತನಕ ಹಿಗ್ಗಿದ ಸುದ್ದಿ ಆಮೇಲೆ ಬಂದಾಗ, ತನ್ನನ್ನು ಸರ್ಕಾರಿ ಶಾಲೆಗೆ ಯಾಕೆ ಸೇರಿಸಲಿಲ್ಲ ಎಂದು ಅವನು ಕೇಳಿದ ದನಿಯಲ್ಲಿ ನಿಜವಾದ ನೋವಿತ್ತು. ಆಯುಧಪೂಜೆಯಲ್ಲಿ ಕಾರು, ಈಳಿಗೆಮಣೆ, ಮಿಕ್ಸಿ, ಮಗನ ಸೈಕಲ್ಲುಗಳ ಸಾಲಿಗೆ ಪುಟ್ಟಿ ಉಗುರು ಕತ್ತರಿಯನ್ನು ತಂದಿಟ್ಟು ಕೈ ಮುಗಿದಳು. ಅವಳು ಕಂಡ ಅತಿ ಭಯಂಕರ ಆಯುಧ ಅದೇ.

ವಿಜಯದಶಮಿಯಂದು ಜಂಬೂಸವಾರಿಯನ್ನು ಮನೆಯಲ್ಲೇ ಕೂತು ಟಿವಿಯಲ್ಲಿ ನೋಡಿದೆವು. ರಾತ್ರಿ ಅಮ್ಮ ಆರತಿಗೆ ಅಣಿ ಮಾಡುವ ಹೊತ್ತಿಗೆ ಪುಟ್ಟಿ ಸೋಫಾದ ಮೇಲೆ ನಿದ್ದೆ ಹೋಗಿದ್ದಳು. ಎಬ್ಬಿಸಲೇ ಎಂದು ನಾನು ಕೇಳಿದೆ. ಅರ್ಧ ನಿದ್ದೆಯಲ್ಲಿ ಎಬ್ಬಿಸಬಾರದು ಎಂದಳು ಅಮ್ಮ. ರಾಜ ರಾಣಿಯರನ್ನು ಅವಳೊಬ್ಬಳೇ ಮಲಗಿಸಿದಳು, ಕೆಂಪು ಕಣ ಹೊದಿಸಿ, ರಬ್ಬರಿನ ದಿಂಬಿಟ್ಟು.

ಬೆಂಗಳೂರಿಗೆ ಬಂದ ಎರಡನೆಯ ದಿನ ಸಂಜೆ ಅಮ್ಮನ ಫೋನು. ಪುಟ್ಟಿ ನನ್ನ ಕೈಯಿಂದ ಕಿತ್ತುಕೊಂಡಳು.

"ಅಜ್ಜಿ, ರಾಜ ರಾಣಿ ಎದ್ರಾ?"

"ಇಲ್ಲ ಕಣೇ, ಟ್ರಂಕಲ್ಲಿ ಮಲಗಿದಾರೆ. ಇನ್ನು ಏಳೋದು ಮುಂದಿನ ದಸರಕ್ಕೇ."

ಪುಟ್ಟಿ ಸ್ವಲ್ಪ ಹೊತ್ತು ಯೋಚಿಸಿದಳು.

"ಸೂಸು ಮಾಡಿಸಿ ಮಲಗಿಸಿದ್ಯಾ?"

ಆ ಕಡೆಯಿಂದ ಮಾತಿಲ್ಲ. ಆಮೇಲೆ ಅಮ್ಮ ಅಪ್ಪನನ್ನು ಕೂಗಿ ಕರೆಯುವುದು ಕೇಳಿಸಿತು: "ರೀ, ಆ ಟ್ರಂಕನ್ನ ಸ್ವಲ್ಪ ಇಳಿಸಿಕೊಡ್ತೀರಾ?"